ಆಪ್ತಸಮಾಲೋಚನಾ ಕೇಂದ್ರದಲ್ಲಿ ಮೊದಲ ಕರೆ ತೆಗೆಯುವ ಕೆಲಸ: ಸೇರಿಕೊಳ್ಳಲೇ?

ಹಾಸನದವಳು
ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಬೆಂಗಳೂರಿನ ಒಂದು ಆಪ್ತಸಮಾಲೋಚನಾ ಕೇಂದ್ರದಲ್ಲಿ ‘ಇನ್‌ಟೇಕ್ ಕೋಆರ್ಡಿನೇಟರ್’ ಕೆಲಸ ಸಿಕ್ಕಿದೆ. ಫೋನ್ ತೆಗೆಯುವುದು, ಫಾರಂ ತುಂಬಿಸುವುದು, ಯಾರಿಗೆ ಯಾವ ಥೆರಪಿಸ್ಟ್ ಎಂದು ಗೊತ್ತುಮಾಡುವುದು. ‘ಇಷ್ಟು ಓದಿ ರಿಸೆಪ್ಷನಿಸ್ಟ್ ಆಗುತ್ತೀಯಾ’ ಎಂದು ಅಪ್ಪನ ತಕರಾರು. ನನ್ನ ಅಳುಕು ಬೇರೆ. ಕರೆ ಮಾಡಿದವರು ಅಳತೊಡಗಿದರೆ ಏನು ಹೇಳಬೇಕು?

ಜಯನಗರದ ಅಕ್ಕ
ಏನೂ ಹೇಳಬೇಡಿ. ‘ಇದ್ದೇನೆ, ನಿಧಾನವಾಗಿ ಮಾತನಾಡಿ’ ಎಂದಷ್ಟೇ ಹೇಳಿ ಕಾಯಿರಿ. ‘ಅಳಬೇಡಿ’ ಎಂದರೆ ಅವರು ಕ್ಷಮೆ ಕೇಳಿ ಫೋನ್ ಇಟ್ಟುಬಿಡುತ್ತಾರೆ.

ನಾನು ಈ ಕೆಲಸದಲ್ಲೇ ಇದ್ದೇನೆ. ಅಳುವವರಿಗಿಂತ ಕಷ್ಟ, ಮದುವೆಯಾದ ದಿನದಿಂದ ಕಥೆ ಆರಂಭಿಸುವವರದು. ಕೇಳುತ್ತಾ ಕೂರುವುದು ದಯೆ ಎಂದು ನಮಗೆ ಅನಿಸುತ್ತದೆ. ಆದರೆ ಎದೆಯಲ್ಲಿದ್ದುದನ್ನೆಲ್ಲ ನನ್ನ ಮುಂದೆ ಸುರಿದವರು ಥೆರಪಿಸ್ಟರ ಮುಂದೆ ಅದನ್ನೇ ಮತ್ತೆ ಹೇಳಬೇಕಲ್ಲ! ‘ಇದನ್ನು ಅವರಿಗೇ ಹೇಳಿ, ಎರಡು ಸಲ ಹೇಳುವ ಸಂಕಟ ನಿಮಗೆ ಬೇಡ’ ಎಂದು ತಡೆಯುತ್ತೇನೆ. ಯಾರ ಬಳಿಗೆ, ಎಷ್ಟು ಬೇಗ ಕಳಿಸಬೇಕು ಎಂದು ತೀರ್ಮಾನಿಸಲು ಬೇಕಾದಷ್ಟನ್ನೇ ಕೇಳಿ: ನಿದ್ದೆ, ಊಟ, ಈಗಾಗಲೇ ಮಾತ್ರೆ ಇದೆಯೇ, ಯಾವ ಭಾಷೆ. ಫಾರಂನಲ್ಲಿ ಇಂಗ್ಲಿಷ್ ಎಂದು ಬರೆದವರೂ ಗಂಟಲು ಕಟ್ಟಿದಾಗ ಧಾರವಾಡದ ಕನ್ನಡಕ್ಕೆ ಹೊರಳುತ್ತಾರೆ. ಅದನ್ನು ಗುರುತು ಹಾಕಿಕೊಂಡು ಕನ್ನಡ ಬಲ್ಲವರ ಬಳಿಗೇ ಕಳಿಸಿ.

‘ಈ ನಂಬರಿಗೆ ಬಂದ ಸಂದೇಶವನ್ನು ಬೇರೆ ಯಾರಾದರೂ ನೋಡುತ್ತಾರೆಯೇ?’ ಎಂದು ಮರೆಯದೆ ಕೇಳಿ. ಅತ್ತೆಯ ಕೈಯಲ್ಲಿರುವ ಫೋನಿಗೆ ಕೇಂದ್ರದ ಹೆಸರಿನೊಂದಿಗೆ ವಾಟ್ಸ್‌ಆ್ಯಪ್ ಹೋದರೆ ಆ ಹುಡುಗಿ ಮತ್ತೆ ಬರುವುದಿಲ್ಲ. ‘ನಾಳೆ 4 ಗಂಟೆಗೆ’ ಎಂದಷ್ಟು ಸಾಕು.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಮುಂದಿನ ಗುರುವಾರದ ಸಮಯ ಕೊಡುವ ಮಾತೇ ಇಲ್ಲ. ಫೋನ್ ಇಡಲು ಬಿಡದೆ ಹಿರಿಯ ಥೆರಪಿಸ್ಟರನ್ನು ಕರೆಯಿರಿ. ಜೀವಕ್ಕೆ ಆ ಕ್ಷಣವೇ ಅಪಾಯವಿದ್ದರೆ ತುರ್ತು ಸಹಾಯದ 112ಕ್ಕೆ ಕರೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್‌ ಮುಖ್ಯ ಕೇಂದ್ರ. ಆ ನಂಬರನ್ನು ಮೇಜಿನ ಮೇಲೆ ಅಂಟಿಸಿಕೊಳ್ಳಿ.

ಸಮಾಜಕಾರ್ಯ_ಮೈಸೂರು
ಅಪ್ಪ ಅಮ್ಮಂದಿರ ಕರೆಗೂ ಸಿದ್ಧರಾಗಿರಿ. ‘ದುಡ್ಡು ಕೊಡುವವನು ನಾನು, ಮಗ ಏನು ಹೇಳಿದ?’ ಎನ್ನುತ್ತಾರೆ. ಮಗನಿಗೆ 18 ತುಂಬಿದ್ದರೆ, ಅವನು ಒಪ್ಪದೆ, ಅವನು ಬರುತ್ತಾನೆಂಬುದನ್ನೂ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಜೀವಾಪಾಯ, ನ್ಯಾಯಾಲಯದ ಆದೇಶದಂಥ ಕೆಲವು ವಿನಾಯಿತಿಗಳಿವೆ, ಆದರೆ ಅವನ್ನು ನಿರ್ಧರಿಸುವವರು ನೀವಲ್ಲ. ಇನ್ನೊಂದು ಮಾತು. ‘ಡಾಕ್ಟರ್ ಇದ್ದಾರಾ?’ ಎಂದು ಎಲ್ಲರೂ ಕೇಳುತ್ತಾರೆ. ಆಪ್ತಸಮಾಲೋಚಕರು ಮಾತ್ರೆ ಬರೆಯುವುದಿಲ್ಲ, ಅದಕ್ಕೆ ಮನೋವೈದ್ಯರೇ ಬೇಕು ಎಂದು ಮೊದಲೇ ತಿಳಿಸಿಬಿಡಿ.

ಕಾದು_ಕುಳಿತವನು
ನಾನು ಫೋನ್ ಮಾಡಿದ ಪೈಕಿಯವನು. ‘ಮೂರು ವಾರ ಕಾಯಬೇಕು, ಶುಲ್ಕ ಇಷ್ಟು’ ಎಂದು ಮೊದಲೇ ಹೇಳಿದವರ ಬಳಿಗೆ ಹೋದೆ. ಇನ್ನೊಂದು ಕಡೆ ‘ತಿಳಿಸುತ್ತೇವೆ ಸಾರ್’ ಎಂದವರು ಇಂದಿಗೂ ತಿಳಿಸಿಲ್ಲ!

ಹಾಸನದವಳು
ಎಲ್ಲರಿಗೂ ಧನ್ಯವಾದ. ಅಕ್ಕ, ಒಪ್ಪಿಕೊಳ್ಳುವ ಮುನ್ನ ಅವರನ್ನು ಏನು ಕೇಳಲಿ?

ಜಯನಗರದ ಅಕ್ಕ
ಸಂಬಳ ಹೇಗೂ ಕೇಳುತ್ತೀರಿ. ಕಷ್ಟದ ಕರೆ ಮುಗಿದ ಮೇಲೆ ನಾನು ಯಾರೊಡನೆ ಮಾತನಾಡಬಹುದು, ವಾರಕ್ಕೊಮ್ಮೆಯಾದರೂ ಹಿರಿಯರು ಕೂತು ಕೇಳುತ್ತಾರೆಯೇ ಎಂದು ಕೇಳಿ. ಫೋನ್ ಎಲ್ಲಿದೆ ಎಂದೂ ನೋಡಿ ಬನ್ನಿ. ಕಾಯುವವರ ಕುರ್ಚಿಗಳ ನಡುವೆಯೇ ಇದ್ದರೆ ಬೇರೆ ಕೋಣೆ ಕೊಡುತ್ತೀರಾ ಎನ್ನಿ. ಎರಡಕ್ಕೂ ನಕ್ಕು ಸುಮ್ಮನಾದರೆ ಬೇರೆ ಕಡೆ ಅರ್ಜಿ ಹಾಕಿ.