ಸೀದಾ ಹೋಗಿ, ಎಡಕ್ಕೆ ತಿರುಗಿ

"ಮೂರು ದಿನದ ಕೋಡನ್ನು ಎಐ ನಲವತ್ತು ನಿಮಿಷದಲ್ಲಿ ಬರೆದು ಮುಗಿಸಿತು" ಎಂದು ಘೋಷಿಸಿದ ನಾಣಿ, ಮೂವರಿಗೂ ಸೇರಿಸಿ ಟೂ ಬೈ ತ್ರೀ ಕಾಫಿ ಹೇಳಿದ.

"ಹಾಗಾದರೆ ಈ ಶನಿವಾರವೂ ಆಫೀಸಿನಿಂದಲೇ ಬರುತ್ತಿದ್ದೀಯಲ್ಲ, ಏಕೆ?" ಎಂದು ಶ್ರೀಪತಿ ಕೇಳಿದ.

"ಬರೆದದ್ದು ಸರಿಯಿದೆಯೇ ಎಂದು ನೋಡುವುದು ಬೇಡವೇ?"

"ನಮ್ಮೂರಿನಲ್ಲಿ ವಿಳಾಸ ಕೇಳಿದಾಗ ಗೊತ್ತಿಲ್ಲ ಎಂದವರನ್ನು ನೀನು ಎಂದಾದರೂ ಕಂಡಿದ್ದೀಯಾ? ಸೀದಾ ಹೋಗಿ, ಗಣಪತಿ ಗುಡಿ ಸಿಗುತ್ತದೆ, ಎಡಕ್ಕೆ ತಿರುಗಿ ಎಂದು ಬೀಡಾ ಅಂಗಡಿಯವನು ಸುಣ್ಣದ ಬೆರಳೆತ್ತಿ ತೋರಿಸುತ್ತಾನೆ. ಹೋಗಿ ನೋಡಿದರೆ ಅಲ್ಲಿ ಗುಡಿಯೂ ಇರುವುದಿಲ್ಲ, ಎಡವೂ ಇರುವುದಿಲ್ಲ. ನಿನ್ನ ಎಐ ಅವನ ಖಾಸಾ ತಮ್ಮ. ಮೊನ್ನೆ ನನಗೊಂದು ಲೈಬ್ರರಿಯ, ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ, ಹೆಸರು ಹೇಳಿತು. ಅಂಥ ಲೈಬ್ರರಿಯೇ ಇಲ್ಲವಲ್ಲ ಎಂದರೆ, ವಿನಯದಿಂದ ಕ್ಷಮೆ ಕೇಳಿ ಅದೇ ಬೀದಿಯಲ್ಲಿ ಇನ್ನೊಂದು ಗುಡಿ ತೋರಿಸಿತು."

"ಎಐಯಿಂದ ಸಮಯ ಉಳಿಯುತ್ತದೆಯೇ ಎಂದು ಗಡಿಯಾರ ಹಿಡಿದು ಯಾರಾದರೂ ಅಳೆದಿದ್ದಾರೆಯೇ?" ಎಂದರು ರಾಯರು.

"ಅಳೆದಿದ್ದಾರೆ ರಾಯರೇ" ಎಂದ ಶ್ರೀಪತಿ. "ಅಳೆದ ಅಮೆರಿಕದ ಸಂಸ್ಥೆಯ ಹೆಸರೇ ಮೀಟರ್, ನಮ್ಮ ಆಟೋದವರು ಹಾಕಲು ಒಪ್ಪದ್ದು. 2025ರಲ್ಲಿ ಅವರು 16 ಜನ ಅನುಭವಿ ಡೆವಲಪರುಗಳಿಗೆ, ಅವರವರೇ ವರ್ಷಗಟ್ಟಲೆ ನೋಡಿಕೊಂಡು ಬಂದ ಪ್ರಾಜೆಕ್ಟುಗಳಲ್ಲಿ 246 ಕೆಲಸಗಳನ್ನು, ಕೆಲವನ್ನು ಎಐ ಇಟ್ಟುಕೊಂಡು, ಕೆಲವನ್ನು ಇಲ್ಲದೆ, ಮಾಡಲು ಹೇಳಿದರು. ಎಐ ಇದ್ದಾಗ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ತಮಾಷೆಯೆಂದರೆ, ಎಲ್ಲ ಮುಗಿದ ಮೇಲೂ ಆ ಪುಣ್ಯಾತ್ಮರು ಶೇ. 20ರಷ್ಟು ಸಮಯ ಉಳಿಯಿತೆಂದೇ ನಂಬಿದ್ದರು."

"ಅದು ಹೇಗಯ್ಯಾ?"

"ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಲ್ಲುವುದಕ್ಕಿಂತ ಅಡ್ಡರಸ್ತೆಗಳಲ್ಲಿ ಇಪ್ಪತ್ತು ನಿಮಿಷ ಸುತ್ತುವುದೇ ಬೇಗ ಎನಿಸುವುದಿಲ್ಲವೇ? ಚಕ್ರ ತಿರುಗುತ್ತಿರುತ್ತದಲ್ಲ."

ನಾಣಿ ಸುಮ್ಮನಿರುವ ಆಸಾಮಿಯಲ್ಲ. "ಕೋಡ್ ಬರೆಯಲು ನೆರವಾಗುವ ಎಐ ಕೋಪೈಲಟ್ ಬಂದ ಹೊಸದರಲ್ಲಿ, ಜಾವಾಸ್ಕ್ರಿಪ್ಟಿನಲ್ಲಿ ಒಂದು ವೆಬ್ ಸರ್ವರ್ ಬರೆಯಲು ಕೊಟ್ಟಾಗ, ಅದನ್ನು ಬಳಸಿದವರು ಶೇ. 55ಕ್ಕೂ ಹೆಚ್ಚು ಸಮಯ ಉಳಿಸಿ ಮುಗಿಸಿದರು. ಅದನ್ನೇಕೆ ಹೇಳುವುದಿಲ್ಲ?"

"ಅದೂ ನಿಜವೇ. ಗುರುತಿಲ್ಲದ ಬಡಾವಣೆಯಲ್ಲಿ ಬೀಡಾ ಅಂಗಡಿಯವನೇ ಗತಿ, ಎಷ್ಟೋ ಸಲ ಸರಿಯಾದ ದಾರಿಯನ್ನೇ ಹೇಳುತ್ತಾನೆ. ಆದರೆ ಸ್ವಂತ ಮನೆಯ ಬೀದಿಯಲ್ಲಿ ನಿಂತು ನಮ್ಮ ಮನೆ ಎಲ್ಲಿ ಎಂದು ಅವನನ್ನೇ ಕೇಳಿದರೆ ಊಟಕ್ಕೆ ತಡವಾಗದೆ ಇನ್ನೇನಾದೀತು?"

"ಕೋಡು ಸರಿಯುತ್ತರ ಕೊಡುತ್ತದೆಯೇ ಎಂದು ನೋಡುವ ಟೆಸ್ಟುಗಳನ್ನೂ ಅದೇ ಬರೆಯುತ್ತದೆ, ಎಲ್ಲವೂ ಪಾಸು" ಎಂದ ನಾಣಿ, ದನಿಯನ್ನು ತುಸು ತಗ್ಗಿಸಿ.

"ನನಗೂ ಪಾಸಾಗಿತ್ತು. ತೆರೆದು ನೋಡಿದರೆ, ಲೆಕ್ಕ ತಪ್ಪಿದ್ದಕ್ಕೆ ಕೋಡನ್ನು ತಿದ್ದುವ ಬದಲು ಟೆಸ್ಟಿನಲ್ಲಿದ್ದ ಸರಿಯುತ್ತರವನ್ನೇ ತಿದ್ದಿಟ್ಟಿತ್ತು."

ನಲವತ್ತು ವರ್ಷ ಗಣಿತ ಕಲಿಸಿದ್ದ ರಾಯರು ನಗುತ್ತ ನಗುತ್ತ ಕೆಮ್ಮಿದರು. "ಆ ಹುಡುಗ ನನ್ನ ಕ್ಲಾಸಿನಲ್ಲೂ ಇದ್ದ ಕಣಯ್ಯಾ" ಎಂದು ಕಣ್ಣೊರೆಸಿಕೊಂಡರು.

ಶ್ರೀಪತಿ ಲೋಟದ ತಳದ ಡಿಕಾಕ್ಷನ್ ಗಸಿಯನ್ನು ನೋಡುತ್ತ ಕುಳಿತ. "ನನ್ನ ಮೇಜಿನ ಪಕ್ಕ ಒಂದು ಕುರ್ಚಿಯಿತ್ತು. ಹೊಸ ಹುಡುಗರು 'ಸಾರ್, ಒಂದು ಡೌಟು' ಎಂದು ಬಂದು ಅದರಲ್ಲಿ ಕುಳಿತುಕೊಳ್ಳುತ್ತಿದ್ದರು. ಅರ್ಧಕ್ಕರ್ಧ ನನಗೂ ಉತ್ತರ ಗೊತ್ತಿರುತ್ತಿರಲಿಲ್ಲ. ಇಬ್ಬರೂ ಸೇರಿ ಹುಡುಕುತ್ತಿದ್ದೆವು, ನಡುವೆ ಅವರ ಊರು, ಪಿಜಿಯ ಊಟ ಎಲ್ಲ ಬರುತ್ತಿತ್ತು. ಆರು ತಿಂಗಳಿಂದ ಯಾರೂ ಬಂದಿಲ್ಲ. ಮೊನ್ನೆ ಹೌಸ್‌ಕೀಪಿಂಗಿನವನು 'ಈ ಕುರ್ಚಿ ನಿಮಗೆ ಬೇಕಾ ಸಾರ್?' ಎಂದು ಕೇಳಿದ. ಗೊತ್ತಿಲ್ಲಪ್ಪ ಎಂದೆ. ಎತ್ತಿಕೊಂಡು ಹೋದ."