ಸಹಾಯ ಬೇಕು: ಯುವಜನರಿಗೆ ಯೆಶಾಯ 6 ಹೇಗೆ ಹೇಳಲಿ?

ಎಲ್ಲರಿಗೂ ವಂದನೆಗಳು. ಗುಳೇದಗುಡ್ಡದ ನಮ್ಮ ಕ್ರೈಸ್ತ ಸಭೆಯ ಯುವಜನರ ಕೂಟದಲ್ಲಿ ಬರುವ ಭಾನುವಾರ ನಾನು ಬೈಬಲ್ಲಿನ ಯೆಶಾಯ ಪುಸ್ತಕದ 6ನೇ ಅಧ್ಯಾಯದ ಮೇಲೆ ಮಾತಾಡಬೇಕು. ಅಲ್ಲಿ ಪ್ರವಾದಿ ಯೆಶಾಯ ಸಿಂಹಾಸನದ ಮೇಲೆ ಕೂತ ದೇವರನ್ನು ದರ್ಶನದಲ್ಲಿ ಕಾಣುತ್ತಾನೆ. ದೇವರ ಬಳಿ ಇರುವ ಸೆರಾಫಿಯರಿಗೆ (ಒಂದು ಬಗೆಯ ದೇವದೂತರು) ಆರು ರೆಕ್ಕೆ, ಅದರಲ್ಲಿ ಎರಡರಿಂದ ಮುಖ, ಎರಡರಿಂದ ಕಾಲು ಮುಚ್ಚಿಕೊಂಡು, ಉಳಿದ ಎರಡರಿಂದ ಹಾರುತ್ತಾ ‘ಪರಿಶುದ್ಧನು’ ಅಂತ ಮೂರು ಸಲ ಕೂಗುತ್ತಾರೆ. ಅವರೇ ಮುಖ ಮುಚ್ಚಿಕೊಂಡರೆ ನಾವು ಹೇಗಿರಬೇಕು, ಅಲ್ವಾ?

ಇಷ್ಟು ಹೇಳಬಲ್ಲೆ. ತೊಡಕು ಮುಂದಿದೆ. ಯೆಶಾಯ ತಾನು ಹೊಲಸು ತುಟಿಯವನು ಅಂತ ನಡುಗಿದ. ಲೂಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸುವಿನ ಮಾತಿನಂತೆ ಬಲೆ ಹಾಕಿ, ಅದು ಹರಿಯುವಷ್ಟು ಮೀನು ಕಂಡ ಬೆಸ್ತ ಪೇತ್ರ ಯೇಸುವಿನ ಮೊಣಕಾಲಿಗೆ ಬಿದ್ದು, ನಾನು ಪಾಪಿ, ನನ್ನನ್ನು ಬಿಟ್ಟು ಹೋಗು ಅಂದ. ಇಲ್ಲಿಗೇ ನಿಲ್ಲಿಸಿದರೆ ಹುಡುಗರು ದೇವರೆಂದರೆ ಬರೀ ಹೆದರಿಕೆ ಅಂದುಕೊಳ್ಳುತ್ತಾರೆ. ಯೆಶಾಯನ ತುಟಿಗೆ ಕೆಂಡ ಮುಟ್ಟಿ ಪಾಪ ಹೋಯಿತು, ಪೇತ್ರನಿಗೆ ಹೆದರಬೇಡ ಎಂಬ ಮಾತು ಸಿಕ್ಕಿತು. ಈ ಎರಡನ್ನೂ ಶಿಲುಬೆಗೆ ಸರಳವಾಗಿ ಹೇಗೆ ಜೋಡಿಸೋದು?

ನಮ್ಮಲ್ಲಿ ಹಿರಿಯರು ಚಪ್ಪಲಿ ಹೊರಗೆ ಬಿಟ್ಟು, ಕೂರುವ ಮೊದಲೇ ಮೊಣಕಾಲೂರುತ್ತಾರೆ, ಹುಡುಗರು ಕೀಬೋರ್ಡು, ಮೈಕು ಸರಿ ಮಾಡೋದರಲ್ಲೇ ಇರ್ತಾರೆ (ಬೈಯೋಕೆ ಹೇಳ್ತಿಲ್ಲ, ಚೆನ್ನಾಗಿ ನುಡಿಸ್ತಾರೆ). ಮಾತಾದ ಮೇಲೆ ಸುಮ್ನೆ ಐದು ನಿಮಿಷ ಮೌನವಾಗಿ ಕೂರಿಸಿದರೆ ನಡೆಯುತ್ತಾ? ಯಾರಾದರೂ ಮಾಡಿಸಿದ್ದೀರಾ? ಆಮೇಲೆ ಹಾಡೋಕೆ ನಿಧಾನ ರಾಗದ ಕನ್ನಡ ಕೀರ್ತನೆ ಗೊತ್ತಿದ್ದರೆ ಶನಿವಾರದೊಳಗೆ ತಿಳಿಸಿ.