ಕುಡಿತದಿಂದ ಬರುವ ಲಿವರ್ ಕಾಯಿಲೆ: ಹಂತಗಳಿಗೆ ಕನ್ನಡದಲ್ಲಿ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ಕುಡಿತ ಬಿಡಲು ಬಂದವರಿಗೂ ಅವರ ಮನೆಯವರಿಗೂ ಕೊಡಲು ಒಂದು ಕರಪತ್ರ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ನೆರವು ಬೇಕು.

ಅಂಗದ ಹೆಸರು: ಶಾಲೆಯ ಪುಸ್ತಕದಲ್ಲಿ ಪಿತ್ತಜನಕಾಂಗ, ಆಯುರ್ವೇದದಲ್ಲಿ ಯಕೃತ್ತು. ಕೆಲವರು ಪಿತ್ತಕೋಶ ಎಂದೂ ಬರೆಯುತ್ತಾರೆ; ಪಿತ್ತ ಶೇಖರವಾಗುವ ಪುಟ್ಟ ಚೀಲಕ್ಕೂ ಅದೇ ಹೆಸರಿರುವುದರಿಂದ ಅದು ಬೇಡವೇ ಬೇಡ. ಜನರ ಬಾಯಲ್ಲಿರುವ ಲಿವರನ್ನೇ ಇಟ್ಟುಕೊಂಡಿದ್ದೇನೆ. "ಮದ್ಯಜನ್ಯ ಯಕೃತ್ ರೋಗ" ಓದುವವರಿಗೆ ದೂರ. "ಕುಡುಕರ ರೋಗ" ಎಂದರೆ ಕಾಯಿಲೆಯವನ ಹಣೆಗೆ ಪಟ್ಟಿ ಅಂಟಿಸಿದಂತೆ. 2023ರಲ್ಲಿ ಲಿವರ್ ತಜ್ಞರ ಅಂತರರಾಷ್ಟ್ರೀಯ ಸಂಘಗಳು ಕೊಬ್ಬಿನ ಲಿವರ್ ಕಾಯಿಲೆಯ ಹೆಸರು ಬದಲಿಸಿದಾಗಲೂ ರೋಗಿಗೆ ಕಳಂಕ ತಗಲಬಾರದೆಂಬುದು ಒಂದು ಕಾರಣವಾಗಿತ್ತು.

ನಿಜವಾದ ಕಷ್ಟ ಹಂತಗಳದ್ದು. ಮನೆಯವರು ಎಲ್ಲದಕ್ಕೂ "ಲಿವರ್ ಹೋಗಿದೆ" ಅಂದುಬಿಡುತ್ತಾರೆ. ಮೊದಲು ಆಗುವುದು ಕೊಬ್ಬು ತುಂಬಿಕೊಳ್ಳುವುದು. ಕುಡಿತ ನಿಲ್ಲಿಸಿದರೆ ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆಗಲೇ "ಹೋಗಿದೆ" ಅಂದರೆ ಅವನು ಯಾಕಾದರೂ ಬಿಟ್ಟಾನು? ಆಮೇಲೆ ಉರಿಯೂತ, ಅದರ ಜೊತೆ ಕಾಮಾಲೆ. ಕಾಮಾಲೆ ಅಂದ ಕೂಡಲೇ ನಾಟಿ ಔಷಧಿ ಹುಡುಕಿಕೊಂಡು ಹೋಗುತ್ತಾರೆ, ಕುಡಿತ ಮುಂದುವರಿಯುತ್ತಲೇ ಇರುತ್ತದೆ. ಹೀಗಾಗಿ "ಕುಡಿತದ ಕಾಮಾಲೆ" ಎಂದು ಬೇರೆಯಾಗಿಯೇ ಬರೆಯಬೇಕು ಅನಿಸುತ್ತದೆ.

ಕೊನೆಯದು ಸಿರೋಸಿಸ್. ಸ್ಟೆತೊಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್ 1819ರಲ್ಲಿ ಕೊಟ್ಟ ಹೆಸರು. ಮೂಲ ಗ್ರೀಕ್ ಪದಕ್ಕೆ ಕಂದುಹಳದಿ ಎಂದರ್ಥ. ಬಣ್ಣ ತಿಳಿಯಿತು, ಒಳಗೆ ಆದದ್ದು ತಿಳಿಯಲಿಲ್ಲ. ಮತ್ತೆ ಮತ್ತೆ ಪೆಟ್ಟುತಿಂದ ಲಿವರಿನ ಮೆದು ಭಾಗ ಗಾಯದ ಕಲೆಯಂತೆ ಗಡುಸಾಗುತ್ತದೆ, ಮುಂದೆ ಗಂಟುಗಳಾಗುತ್ತವೆ. ಬಲಿತ ಬೆಂಡೆಕಾಯಿಗೆ ನಾರುಗಟ್ಟಿದೆ ಅನ್ನುತ್ತೇವಲ್ಲ, ಹಾಗೆ ಮೊದಲಿನದನ್ನು "ನಾರುಗಟ್ಟುವುದು", ಸಿರೋಸಿಸನ್ನು "ಗಂಟುಗಟ್ಟುವುದು" ಎನ್ನಬಹುದೇ? ಡಿಸ್ಚಾರ್ಜ್ ಚೀಟಿಯಲ್ಲಿ ಸಿರೋಸಿಸ್ ಅಂತಲೇ ಇರುವುದರಿಂದ ಅದನ್ನೂ ಪಕ್ಕದಲ್ಲಿ ಬರೆಯುತ್ತೇನೆ. ಹೊಟ್ಟೆಗೆ ನೀರು ತುಂಬುವುದಕ್ಕೆ ಜಲೋದರ ಹಿಂದಿನಿಂದಲೂ ಇದೆ, ಚಿಂತೆಯಿಲ್ಲ.

ಗಂಟುಗಟ್ಟಿದ ಮೇಲೂ ಕುಡಿತ ಬಿಟ್ಟವರು ಬಿಡದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಆದ್ದರಿಂದ ಈ ಹಂತಕ್ಕೂ "ಹೋಗಿದೆ" ಬೇಡ. ಕಲಬುರಗಿ, ಧಾರವಾಡ, ಕರಾವಳಿ, ಮೈಸೂರು ಕಡೆಯ ಹಳ್ಳಿಗಳಲ್ಲಿ ಇದಕ್ಕೆ ಏನನ್ನುತ್ತಾರೆ? ಮನೆಮಂದಿ ಆಡುವ ಮಾತನ್ನು ಇದ್ದ ಹಾಗೆಯೇ ಬರೆದು ತಿಳಿಸಿ.